ಗಾಜಿನ ಕಡಲಿನಲ್ಲಿ ಸೂತಕ

ಪುನರ್ವಸು ಮಳೆ ಕಚ್ಚಿ ಹಿಡಿದ ದಿನಗಳಲ್ಲಿ ನಮ್ಮ ಕುಬಟೂರಿನಲ್ಲಿ ಕರೆಂಟು ಹೋದರೆ ಯಾರೂ ಮಾತನಾಡುವುದಿಲ್ಲ. ಬಂದರೆ ಮಾತ್ರ ಒಂದು ಮನೆಯವರು ಇನ್ನೊಂದು ಮನೆಯವರನ್ನು ಕೂಗಿ ತಿಳಿಸುತ್ತಾರೆ. ಅಂತಹದೊಂದು ರಾತ್ರಿ, ಹತ್ತು ಗಂಟೆಗೆ ಹೋದ ಕರೆಂಟು ಬೆಳಗಿನ ಆರಕ್ಕೂ ಬಾರದೆ, ಪಡಸಾಲೆಯ ಮೂಲೆಯಲ್ಲಿ ನಾನು ಮೂರು ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದ 60 ಲೀಟರಿನ ಉಪ್ಪುನೀರಿನ ತೊಟ್ಟಿಯಲ್ಲಿ ಪಂಪು ನಿಂತು, ಪಂಪಿನೊಡನೆ ನೀರೂ ನಿಂತು, ಬೆಳಕು ಹರಿಯುವ ಹೊತ್ತಿಗೆ ಜೋಡಿ ಕ್ಲೌನ್ ಮೀನುಗಳಲ್ಲಿ ಗಂಡು ಮಾತ್ರ ಮೇಲ್ಮೈಗೆ ಬಾಯೊಡ್ಡಿ ತೇಕುತ್ತಿತ್ತು. ದೊಡ್ಡದಾದ ಹೆಣ್ಣು ಕಣ್ಣಿಗೆ ಬೀಳಲಿಲ್ಲ.

ಸಿರ್ಸಿಯನ್ನು ಹಾದು ಘಟ್ಟವಿಳಿದು ಕುಮಟೆಯನ್ನು ಸೇರಿದಲ್ಲದೆ ಸಮುದ್ರದರ್ಶನವಾಗದ ಈ ಊರಿನಲ್ಲಿ ಕಡಲ ಮೀನನ್ನು ಸಾಕುವುದು ಅಧಿಕಪ್ರಸಂಗವೆಂದು ಆಡಿಕೊಳ್ಳುವವರಿಗೆ ನನ್ನಲ್ಲೊಂದು ಉತ್ತರವಿದೆ. 1100ರ ಸುಮಾರಿನದೆನ್ನುವ ನಮ್ಮೂರ ಕೈಟಭೇಶ್ವರ ದೇವಾಲಯವು ಹೊತ್ತಿರುವುದು ಪ್ರಳಯಜಲದ ನಡುವೆ ಹುಟ್ಟಿ ಅಲ್ಲಿಯೇ ಮಡಿದ ದಾನವನ ಹೆಸರನ್ನು. ಸಮುದ್ರ ನಮಗೆ ಅಷ್ಟೇನೂ ಪರಕೀಯವಲ್ಲ. ಹಾಗೆ ನೋಡಿದರೆ ಮೀನು ಸಾಕುವವರ ಕುಲಕ್ಕೆ ಮೂಲಪುರುಷನೇ ವೈವಸ್ವತ ಮನು. ಆತ ಬೊಗಸೆಗೆ ಬಂದ ಮರಿಯನ್ನು ಗಡಿಗೆಗೆ, ಗಡಿಗೆಯಿಂದ ಕೊಳಕ್ಕೆ, ಕೊಳದಿಂದ ಗಂಗೆಗೆ, ಗಂಗೆಯಿಂದ ಸಾಗರಕ್ಕೆ ಸಾಗಿಸಿದ. ನಾವು ಅದೇ ದಾರಿಯನ್ನು ಹಿಮ್ಮುಖವಾಗಿ ನಡೆದು ಸಾಗರದ ಮೀನನ್ನು ಗಡಿಗೆಗೆ ತರುತ್ತೇವೆ. 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಗ್ರಂಥವನ್ನು ಪ್ರಕಟಿಸಿ ಇಂಗ್ಲೆಂಡಿನ ಮನೆಗಳಿಗೆ ಈ ಹುಚ್ಚನ್ನು ಹಬ್ಬಿಸಿದ ಫಿಲಿಪ್ ಹೆನ್ರಿ ಗಾಸ್, ಕಡಲಿನಿಂದ ದೂರವಿದ್ದವರಿಗಾಗಿ ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಮಾಡುವ ಕ್ರಮವನ್ನೂ ತೋರಿಸಿಕೊಟ್ಟ. ಕುಬಟೂರಿನವನಾದ ನಾನು ಆತನಿಗೆ ಋಣಿ.

ಗಾಜಿನ ಕಡಲಿನಲ್ಲಿ ಸಾವು ಸಂಭವಿಸಿದಾಗ ಶೋಕಕ್ಕೆ ಮುಂಚೆ ಶೋಧ ನಡೆಯಬೇಕು. ಹೆಣ ತಾನಾಗಿ ತೇಲಿಬರುವುದೆಂದು ಕಾದು ಕೂರುವುದು ತಪ್ಪು. ಅದು ಬಹುಮಟ್ಟಿಗೆ ಕಲ್ಲಿನ ಸಂದಿಯಲ್ಲಿಯೋ ಫಿಲ್ಟರಿನ ಬಾಯಲ್ಲಿಯೋ ಸಿಕ್ಕಿಕೊಂಡಿರುತ್ತದೆ, ಕೆಲವೊಮ್ಮೆ ನೀರಿನಿಂದ ಹಾರಿ ತೊಟ್ಟಿಯ ಹಿಂದೆ ನೆಲದ ಮೇಲೆ ಒಣಗಿರುತ್ತದೆ. ನಮ್ಮದು ದೊಡ್ಡ ಕಲ್ಲಿನ ಅಡಿಯಲ್ಲಿತ್ತು. ಟಾರ್ಚು ಬಿಟ್ಟು ನೋಡಿದರೆ ಸನ್ಯಾಸಿ ಏಡಿಗಳೆರಡು, ಹೆಸರಿಗೆ ಸನ್ಯಾಸಿಗಳು, ಆಗಲೇ ಪಂಕ್ತಿಗೆ ಕುಳಿತು ಒಂದು ಕಣ್ಣನ್ನು ಮುಗಿಸಿದ್ದವು. ಕಲ್ಲನ್ನು ಸರಿಸಿ, ಜಾಳಿಗೆಯಿಂದ ಮೇಲೆತ್ತಿ, ಬಿಳಿಯ ತಟ್ಟೆಯ ಮೇಲೆ ಮಲಗಿಸಿ, ಭೂತಗನ್ನಡಿ ಹಿಡಿದೆ. ಹೀಗೆ ನೋಡದೆಯೇ ಬಿಸಾಡುವವನು ಹತ್ತು ವರ್ಷ ಮೀನು ಸಾಕಿದರೂ ಅಂಗಡಿಯ ಗಿರಾಕಿಯಾಗಿಯೇ ಉಳಿಯುತ್ತಾನೆಂಬುದು ನನ್ನ ದೃಢವಾದ ಅಭಿಪ್ರಾಯ. ಮೈಮೇಲೆ ಉಪ್ಪಿನ ಕಣಗಳಂತಹ ಚುಕ್ಕೆಗಳಿದ್ದರೆ ಅದು ಕ್ರಿಪ್ಟೋಕ್ಯಾರಿಯಾನ್ ಎಂಬ ಪರೋಪಜೀವಿಯ ಕೃತ್ಯ. ಅದಕ್ಕಿಂತ ಸೂಕ್ಷ್ಮವಾದ ಹೊಂಬಣ್ಣದ ಧೂಳು ಕವಿದಿದ್ದರೆ ವೆಲ್ವೆಟ್ ರೋಗ, ಅದು ಇನ್ನೂ ಬೇಗ ಕೊಲ್ಲುತ್ತದೆ. ಹೆಣ ಹಳತಾದಷ್ಟೂ ಈ ಗುರುತುಗಳು ಅಳಿಯುತ್ತವೆ. ನನ್ನ ಮೀನಿನ ಕಿತ್ತಳೆ ಬಣ್ಣವು ಮಾಸಿ, ಬಿಳಿಯ ಪಟ್ಟೆಗಳು ಮಾತ್ರ ನಿರ್ಮಲವಾಗಿ ಉಳಿದಿದ್ದವು; ಬಾಯಿ ಅಗಲವಾಗಿ ತೆರೆದಿತ್ತು, ಕಿವಿರಿನ ಮುಚ್ಚಳಗಳು ಹೊರಚಾಚಿ ಬಿರಿದಿದ್ದವು. ಉಸಿರಿಗಾಗಿ ಹೋರಾಡಿ ಸೋತ ಮೀನಿನ ಮುಖ ಅದು. ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು. ಮೇಲ್ಮೈ ಕದಡದೆ ನಿಂತರೆ ಇದ್ದುದೂ ತೀರುತ್ತದೆ. ಆಗ ದೊಡ್ಡ ದೇಹದ್ದು ಮೊದಲು ಹೋಗುತ್ತದೆ.

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನಾಕೆ, “ಏನ್ರೀ ಅದು, ಸಂತೆಯ ಒಣಮೀನಿನ ವಾಸನೆ” ಎಂದಳು. ಮೂಗು ಯಾವ ಪರೀಕ್ಷೆಗೂ ಕಡಮೆಯಲ್ಲ. ಕೊಳೆಯುವ ಹೆಣದಿಂದ ಹೊರಡುವ ಅಮೋನಿಯವನ್ನು ಕಲ್ಲುಮರಳುಗಳಲ್ಲಿ ನೆಲಸಿದ ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟನ್ನಾಗಿ, ಅನಂತರ ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆಯಾದರೂ, ಅವುಗಳ ಶಕ್ತಿಗೂ ಮಿತಿಯುಂಟು. ಅರಬ್ಬೀ ಸಮುದ್ರದಲ್ಲಿ ತಿಮಿಂಗಿಲವೇ ಸತ್ತರೂ ನೀರಿಗೆ ತಿಳಿಯದು. 60 ಲೀಟರಿನಲ್ಲಿ ಹೆಬ್ಬೆರಳುದ್ದದ ಮೀನು ಸತ್ತರೆ ಬದುಕಿರುವವಕ್ಕೆಲ್ಲ ಸೂತಕ. ಅದರಲ್ಲೂ ಕಡಲ ನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ, ಅಮೋನಿಯ ಅಷ್ಟೇ ಇದ್ದರೂ ಅದರಲ್ಲಿ ವಿಷವಾಗಿ ಪರಿಣಮಿಸುವ ಅಂಶ ಪಿಎಚ್ 7ರ ಸಿಹಿನೀರಿಗಿಂತ ಹತ್ತು ಪಟ್ಟಿಗೂ ಮಿಗಿಲು. ಪರೀಕ್ಷೆಯ ಕೊಳವೆಯಲ್ಲಿ ಹಳದಿಯಾಗಿಯೇ ಉಳಿಯಬೇಕಾದ ನೀರು ನನ್ನ ಕಣ್ಣೆದುರಿಗೇ ಎಳೆಹಸುರಿಗೆ ತಿರುಗಿತು. ಕೂಡಲೇ ಕಾಲುಭಾಗ ನೀರನ್ನು ತೆಗೆದು ಹೊಸದನ್ನು ತುಂಬಬೇಕು; ಆ ಹೊಸ ನೀರು ಗಾಬರಿಯಲ್ಲಿ ಕಲಕಿದ್ದಾಗಕೂಡದು. ಲೀಟರಿಗೆ ಸುಮಾರು 36 ಗ್ರಾಂ ಅಕ್ವೇರಿಯಂ ಉಪ್ಪನ್ನು (ಅಡುಗೆಯ ಅಯೋಡಿನ್ ಉಪ್ಪಲ್ಲ) ಬೆರೆಸಿ, ಒಂದು ದಿನ ಆಡಿಸಿ, ಹೈಡ್ರೋಮೀಟರು 1.025 ತೋರಿಸಿದ ಮೇಲೆ ಮುಚ್ಚಿಟ್ಟ ಡ್ರಮ್ಮೊಂದು ಸದಾ ಮನೆಯಲ್ಲಿರತಕ್ಕದ್ದು. ನಾನು ಡ್ರಮ್ಮನ್ನು ಇಟ್ಟಿದ್ದೆ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪನ್ನು ಇಟ್ಟಿರಲಿಲ್ಲ. ಮಳೆಯನ್ನು ಬೈದು ಪ್ರಯೋಜನವಿಲ್ಲ, ಆ ಹೆಣ್ಣನ್ನು ಕೊಂದದ್ದು ನನ್ನ ಜಿಪುಣತನ.

ಸಾಕಿದ ಮೀನನ್ನು, ಸತ್ತದ್ದಾಗಲಿ ಬದುಕಿದ್ದಾಗಲಿ, ಊರ ಕೆರೆಗೆ ಹಾಕಬಾರದು. ಬಾಳೆಯ ಬುಡದಲ್ಲಿ ಗೇಣುದ್ದದ ಗುಂಡಿ ತೋಡಿ ಹೂಳಿದೆ. ತೆಗೆದ 15 ಲೀಟರು ಉಪ್ಪುನೀರನ್ನು ಮಾತ್ರ ಬಾಳೆಗೂ ಅಡಕೆಗೂ ಸೋಕಿಸದೆ ಅಂಗಳದ ಹಾಸುಗಲ್ಲಿನ ಸಂದಿಗೆ ಸುರಿದೆ. ಅಲ್ಲಿಯ ಹುಲ್ಲು ವಾರದೊಳಗೆ ಸುಟ್ಟುಹೋದದ್ದು ಲಾಭದ ಬಾಬ್ತು. ಬೇಲಿಯಾಚೆ ನಿಂತು ಇದನ್ನೆಲ್ಲ ನೋಡಿದ ನೆರೆಯ ಹಿರಿಯರೊಬ್ಬರು, “ಒಂದು ಮೀನಿಗೆ ಗುಂಡಿ ತೋಡ್ತೀಯಲ್ಲೋ ಮಾರಾಯ, ಬೇಸಗೇಲಿ ಕೆರೆಬೇಟೆಗೆ ಬಾ” ಎಂದು ನಕ್ಕರು. ನೀರಿಳಿದ ಕೆರೆಗೆ ಊರಿಗೆ ಊರೇ ಕೂಣಿ ಹಿಡಿದು ಇಳಿದು ಕೆಸರಿನಲ್ಲಿ ಮೀನನ್ನು ಮುಚ್ಚಿ ಹಿಡಿಯುವ ಆ ದಿನ, ಸತ್ತ ಮೀನುಗಳ ಲೆಕ್ಕವನ್ನು ಸೊರಬ ಸೀಮೆಯಲ್ಲಿ ಯಾರು ಇಟ್ಟಾರು? ಹುಡುಗನಾಗಿದ್ದಾಗ ನಾನೂ ಕೂಣಿ ಹೊತ್ತವನೇ. ಆ ಸಾರಿನ ರುಚಿಯನ್ನು ಮರೆತವನೂ ಅಲ್ಲ. ಆ ಮೀನುಗಳ ನೀರನ್ನು ನಾನು ಕಲಸಿರಲಿಲ್ಲ, ಅಷ್ಟೆ.

ಕ್ಲೌನ್ ಮೀನುಗಳಲ್ಲಿ ಎಲ್ಲವೂ ಮೊದಲು ಗಂಡಾಗಿಯೇ ಬೆಳೆದು, ಗುಂಪಿನಲ್ಲಿ ದೊಡ್ಡದೊಂದು ಮಾತ್ರ ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಜೊತೆಯ ಗಂಡೇ ಕಾಲಕ್ರಮದಲ್ಲಿ ಹೆಣ್ಣಾಗಿ ಆ ಸ್ಥಾನವನ್ನೇರುತ್ತದೆ. ಆದುದರಿಂದ ವಿಧುರನಿಗೆಂದು ಇನ್ನೊಂದು ದೊಡ್ಡ ಹೆಣ್ಣನ್ನು ತಂದರೆ ಜಗಳ ಖಂಡಿತ. ತರತಕ್ಕುದು ತೀರ ಚಿಕ್ಕ ಮರಿಯನ್ನು. ಅದಕ್ಕೂ ಅವಸರ ಕೂಡದು. ಸಾವು ರೋಗದಿಂದಾಗಿದ್ದರಂತೂ ಉಳಿದ ಮೀನುಗಳನ್ನು ಚಿಕಿತ್ಸೆಗೆಂದು ಬೇರೆಡೆಗೆ ಸಾಗಿಸಿ, ತೊಟ್ಟಿಯನ್ನು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕು.

ಈಗ ಮಘೆ ಮಳೆ. ಬೆಂಗಳೂರಿನಿಂದ ಬಂದ, ಬೆರಳಿನ ಗೆಣ್ಣಿನಷ್ಟಿರುವ ಮರಿಯೊಂದು ಜಗಲಿಯ ಬೇರೆ ತೊಟ್ಟಿಯಲ್ಲಿ ಮೂರನೆಯ ವಾರದ ಏಕಾಂತವಾಸದಲ್ಲಿದೆ. ಪಡಸಾಲೆಯ ಗಂಡು ದೊಡ್ಡ ಕಲ್ಲನ್ನು ಸ್ವಾಧೀನಪಡಿಸಿಕೊಂಡು, ಗಾಜು ಒರೆಸಲೆಂದು ನಾನು ಕೈಯಿಟ್ಟರೆ ಬೆರಳನ್ನು ಕಚ್ಚಲು ಬರುತ್ತದೆ. ಮೊದಲು ಆ ಕೆಲಸ ಹೆಣ್ಣಿನದಾಗಿತ್ತು.