ರಕ್ತಪಿತ್ತ ಶಬ್ದವೂ ಎರಡು ಅಂತರ್ದರ್ಶನಗಳೂ

ಕನ್ನಡದಲ್ಲಿ ವೈದ್ಯಗ್ರಂಥರಚನೆಯು ಹೊಸತಲ್ಲ. ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ೧೪ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಖಗೇಂದ್ರಮಣಿದರ್ಪಣವೆಂಬ ಕಾವ್ಯವನ್ನಾಗಿಯೇ ರಚಿಸಿದನು. ವೈದ್ಯವೂ ಬರೆವಣಿಗೆಯೂ ಒಂದೇ ಕೈಯಲ್ಲಿ ಕೂಡಿದ್ದುದನ್ನು ಹೊಳಲ್ಕೆರೆ ತಾಲ್ಲೂಕು ಈಚಿನವರೆಗೂ ಕಂಡಿತ್ತು. ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮದ ಸ್ಥಾಪಕರೂ ೧೯೯೬ರಲ್ಲಿ ದಿವಂಗತರಾದವರೂ ಆದ ಶ್ರೀ ರಾಘವೇಂದ್ರಸ್ವಾಮಿಗಳು ರೋಗಿಗಳಿಗೆ ವೈದ್ಯರು, ಓದುಗರಿಗೆ 'ತಿರುಕ'. ಆದುದರಿಂದ ವೈದ್ಯಶಬ್ದಗಳ ವಿಮರ್ಶೆಯನ್ನು ಸಾಹಿತ್ಯಕ್ಕೆ ಹೊರಗಿನ ಮಾತೆಂದು ತಳ್ಳಿಬಿಡಲಾಗದು. ಶಬ್ದವು ತಪ್ಪಿದರೆ ರೋಗಿಯು ದಾರಿ ತಪ್ಪುವನು.

ಜೀರ್ಣಾಂಗಗಳ ರಕ್ತಸ್ರಾವಕ್ಕೆ 'ರಕ್ತಪಿತ್ತ'ವೆಂಬ ಹಳೆಯ ಹೆಸರನ್ನೇ ಇಡುವ ವಾಡಿಕೆಯು ಮೊದಲು ವಿಚಾರಾರ್ಹವಾದುದು. ಚರಕಸಂಹಿತೆಯು ರಕ್ತವು ಹೊರಡುವ ದ್ವಾರವನ್ನು ಹಿಡಿದು ಈ ರೋಗವನ್ನು ವಿಭಾಗಿಸಿದೆ: ಊರ್ಧ್ವಗವು ಸಾಧ್ಯ, ಅಧೋಗವು ಯಾಪ್ಯ, ಎರಡು ಕಡೆಯೂ ಹರಿಯುವುದು ಅಸಾಧ್ಯ. ಕಣ್ಣಿಗೆ ಕಂಡುದನ್ನೇ ಪ್ರಮಾಣವಾಗಿ ಹಿಡಿಯಬೇಕಾಗಿದ್ದ ಕಾಲಕ್ಕೆ ಇದು ಸುಂದರವಾದ ವರ್ಗೀಕರಣವೇ ಸರಿ. ಆದರೆ ಮೂಗಿನಿಂದ ಸುರಿವ ನೆತ್ತರೂ ಅಲ್ಲಿ ರಕ್ತಪಿತ್ತವೇ. ಜಠರದ ಹುಣ್ಣಿನಿಂದ ಒಸರಿದ ನೆತ್ತರಾದರೋ ಹಾದಿಯಲ್ಲಿ ಮಾರ್ಪಟ್ಟು, ಡಾಂಬರಿನಂತೆ ಕಪ್ಪಾದ ಮಲವಾಗಿ ಕೆಳಗಿಳಿಯುವುದು. ಹೊರಡುವ ದ್ವಾರವೊಂದು, ಹುಟ್ಟುವ ಠಾವೊಂದು. ಇಂದಿನ ವೈದ್ಯನು ಅರಸುವುದು ಠಾವನ್ನು.

ಈ ಭೇದವನ್ನು ಮರೆತುದರಿಂದಲೇ 'ಕೊಲೊನೋಸ್ಕೋಪಿ ಮೇಲೋ, ಕ್ಯಾಪ್ಸೂಲ್ ಎಂಡೋಸ್ಕೋಪಿ ಮೇಲೋ' ಎಂಬ ಪ್ರಶ್ನೆಯು ಹುಟ್ಟಿಕೊಂಡಿದೆ. ಎರಡನ್ನೂ 'ಕರುಳಿನ ಪರೀಕ್ಷೆ' ಎಂದು ಒಂದೇ ಹೆಸರಿನಿಂದ ಕರೆದರೆ ಪೈಪೋಟಿ ತೋರದೆ ಇದ್ದೀತೆ? ಮೊದಲನೆಯದು ಗುದದ್ವಾರದಿಂದ ಒಳಹೊಗುವ ಬಾಗುಕೊಳವೆ. ಸುಮಾರು ಒಂದೂವರೆ ಮೀಟರಿನ ದೊಡ್ಡ ಕರುಳನ್ನೂ ಸಣ್ಣ ಕರುಳಿನ ಕೊನೆಯ ತುಣುಕನ್ನೂ ನೋಡುವುದು. ನೋಡುವುದಷ್ಟೇ ಅಲ್ಲ, ಮಾಂಸಾಂಕುರವನ್ನು ಕತ್ತರಿಸಿ ತೆಗೆಯಬಲ್ಲುದು, ಒಸರುವ ನಾಳವನ್ನು ಸುಟ್ಟು ಮುಚ್ಚಬಲ್ಲುದು. ಎರಡನೆಯದು ಗೇವ್ರಿಯಲ್ ಇಡ್ಡಾನರೂ ಅವರ ಸಂಗಡಿಗರೂ ೨೦೦೦ದಲ್ಲಿ 'ನೇಚರ್' ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದ ಸಾಧನ. ೧೧ ಮಿಲಿಮೀಟರು ದಪ್ಪವಿದ್ದ ಆ ಕೋಶವು ನುಂಗಿದ ಮೇಲೆ ಕರುಳಿನ ಚಲನೆಯಿಂದಲೇ ಸಾಗುತ್ತ, ಕೊಳವೆಯು ಮುಟ್ಟದ ಸುಮಾರು ೬ ಮೀಟರಿನ ಸಣ್ಣ ಕರುಳನ್ನು ಚಿತ್ರಿಸುವುದು. ಅದಕ್ಕೆ ಕಣ್ಣುಂಟು, ಕೈಯಿಲ್ಲ. ಆದುದರಿಂದಲೇ ಸಾಮಾನ್ಯವಾಗಿ ಬಾಯಿಯಿಂದ ಇಳಿಸುವ ದರ್ಶಕವೂ ಕೊಲೊನೋಸ್ಕೋಪಿಯೂ ಮೊದಲು; ಅವೆರಡರಲ್ಲೂ ಮೂಲವು ಸಿಕ್ಕದಿದ್ದರೆ ಕ್ಯಾಪ್ಸೂಲು. ದೊಡ್ಡ ಕರುಳಿಗೆಂದೇ ಮಾಡಿದ ಕ್ಯಾಪ್ಸೂಲೂ ಬಂದಿದೆ ನಿಜ. ಆದರೆ ಅದು ಕಂಡುದನ್ನು ತೆಗೆಯಲು ಮತ್ತೆ ಕೊಳವೆಯೇ ಬೇಕು. ಇಲ್ಲಿರುವುದು ತಾರತಮ್ಯವಲ್ಲ, ಅನುಕ್ರಮ.

ಹೊಳಲ್ಕೆರೆಯ ಕಡೆಯ ಅಡಕೆತೋಟಗಳನ್ನು ನೆನೆದರೆ ಮತ್ತೊಂದು ಅಂಶವು ಹೊಳೆಯುವುದು. ನೆರಳೂ ತೇವವೂ ಇರುವ ಮಣ್ಣಿನಲ್ಲಿ ಬರಿಗಾಲಿನಿಂದ ದುಡಿವವರ ಚರ್ಮವನ್ನು ತೂರಿ ಕೊಕ್ಕೆಹುಳುವಿನ ಮರಿಯು ಒಳಹೊಗುವುದು. ಬೆಳೆದ ಹುಳುವು ಸಣ್ಣ ಕರುಳಿನ ಮೇಲ್ಭಾಗವನ್ನು ಕಚ್ಚಿ ರಕ್ತವನ್ನು ಹೀರುವುದು. ಊರ್ಧ್ವಗವೂ ಅಲ್ಲ, ಅಧೋಗವೆಂದು ಕಣ್ಣಿಗೆ ಬೀಳುವುದೂ ಅಲ್ಲ. ಮೈ ಬಿಳಿಚಿಕೊಂಡು ಏದುಸಿರು ಬಂದಾಗಲೇ ರಕ್ತನಷ್ಟವು ತಿಳಿಯುವುದು. ಅಲ್ಲಿಗೆ ಕೊಲೊನೋಸ್ಕೋಪಿಯು ಮುಟ್ಟದು, ಕ್ಯಾಪ್ಸೂಲು ಮುಟ್ಟುವುದು. ಆದರೂ ಮಲವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಹುಳುವಿನ ಮೊಟ್ಟೆಯನ್ನು ಹುಡುಕುವ ಅಗ್ಗದ ಪರೀಕ್ಷೆಯು ಇವೆರಡಕ್ಕಿಂತಲೂ ಮುಂಚೆ ನಡೆಯತಕ್ಕದ್ದು. ಯಂತ್ರಗಳ ಹೋಲಿಕೆಯಲ್ಲೇ ಮುಗಿಯುವ ಲೇಖನವು ಹಳ್ಳಿಯ ಓದುಗನಿಗೆ ಇದನ್ನು ತಿಳಿಸದೆ ಹೋಗುವುದು ಸಣ್ಣ ಲೋಪವಲ್ಲ.

'ಗುಳಿಗೆ ಕ್ಯಾಮೆರಾ' ಎಂಬ ಹೆಸರು ಕಿವಿಗೆ ಇಂಪಾದರೂ ಅರ್ಥಕ್ಕೆ ದುಷ್ಟ. ಗುಳಿಗೆಯು ಕರಗಿ ಗುಣಪಡಿಸತಕ್ಕದ್ದು. ಇದು ಕರಗದು, ಗುಣಪಡಿಸದು, ಹೊರಬೀಳಬೇಕು. ಕರುಳು ಎಲ್ಲಿಯಾದರೂ ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಂಡು ಶಸ್ತ್ರಕ್ರಿಯೆಗೂ ಕಾರಣವಾದೀತು. ಅಂತಹ ಶಂಕೆಯಿದ್ದಲ್ಲಿ ದಾರಿಯನ್ನು ಪರೀಕ್ಷಿಸಲು ಕ್ಯಾಮೆರಾ ಇಲ್ಲದ ಕೋಶವೊಂದನ್ನು ಮೊದಲು ನುಂಗಿಸುವರು. ಅದು ಹಾಲಿನ ಸಕ್ಕರೆಯಿಂದಾದುದು. ಸಿಕ್ಕಿಕೊಂಡರೆ ಸುಮಾರು ೩೦ ಗಂಟೆಗಳ ತರುವಾಯ ತಾನಾಗಿ ಕರಗತೊಡಗುವುದು. ಗುಳಿಗೆಯೆಂಬ ಹೆಸರು ಸಲ್ಲುವುದಾದರೆ ಅದಕ್ಕೆ ಸಲ್ಲಬಹುದು.