ಸ್ವೀಡನ್ನಿನ ತಂತಿ, ಮೈಸೂರಿನ ಕಿವಿ

ಓದಲೋ ದುಡಿಯಲೋ ಮೈಸೂರಿನಿಂದ ಸ್ವೀಡನ್ನಿಗೆ ಹೋದ ಹುಡುಗರು ರಜೆಗೆ ಬಂದಾಗ ನಾನು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಯಾವ ಸಂಗೀತ ಕೇಳಿದಿರಿ? ಉತ್ತರ ಹೆಚ್ಚಾಗಿ ‘ಆಬಾ’. ಒಳ್ಳೆಯ ತಂಡವೇ, 1974ರಲ್ಲಿ ಯೂರೋವಿಷನ್ ಗೆದ್ದ ಮೇಲೆ ಜಗತ್ತೆಲ್ಲ ಕೇಳಿ ಮೆಚ್ಚಿದ್ದು. ಆದರೆ ಆಬಾ ಕೇಳಲು ಸರಸ್ವತಿಪುರಂ ಸಾಕು. ಅಷ್ಟು ದೂರ ಹೋದವರು ಮೊದಲು ಹುಡುಕಬೇಕಾದದ್ದು ನಿಕೆಲ್‌ಹಾರ್ಪವನ್ನು.

ಪಿಟೀಲಿಗಿಂತ ಉದ್ದನೆಯ ಒಡಲು. ಪಟ್ಟಿ ಕಟ್ಟಿ ಎದೆಗೆ ಅಡ್ಡಲಾಗಿ ನೇತುಹಾಕಿಕೊಳ್ಳುತ್ತಾರೆ. ಬಲಗೈಯಲ್ಲಿ ಗಿಡ್ಡ ಕಮಾನು. ಎಡಗೈ ಬೆರಳು ತಂತಿಯನ್ನು ಮುಟ್ಟುವುದೇ ಇಲ್ಲ. ಮರದ ಕೀಗಳನ್ನು ಒತ್ತುತ್ತದೆ, ಕೀ ಮೇಲಿನ ಪುಟ್ಟ ಗೂಟ ತಂತಿಗೆ ತಾಗಿ ಸ್ವರ ಹೊರಡುತ್ತದೆ. ಈಗ ಬಳಕೆಯಲ್ಲಿರುವ ಮಾದರಿಯಲ್ಲಿ ಕಮಾನಿಗೆ ಸಿಗುವ ತಂತಿ 4. ಜೊತೆಗೆ ಯಾರೂ ಮುಟ್ಟದೆ ತಾವಾಗಿ ಮಿಡಿಯುವ ತಂತಿ 12. ಕಮಾನು ಎತ್ತಿದ ಮೇಲೂ ನಾದ ಒಂದಿಷ್ಟು ಹೊತ್ತು ಉಳಿಯುತ್ತದೆ.

ಮೈಕಿಲ್ಲದ ಸಭೆಗಳಲ್ಲಿ ಕೊನೆಯ ಸಾಲಿಗೂ ಮುಟ್ಟಲಿ ಎಂದು ನಮ್ಮ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಯನ್ನು ಏಳು ಮಾಡಿದರು. ಅವರ ಹೆಚ್ಚುವರಿ ತಂತಿಗಳು ಕಮಾನಿಗೇ ಸಿಗುವಂಥವು, ಅಲ್ಲಿನವು ಅನುರಣನಕ್ಕೆ ಮಾತ್ರ. ಉಪಾಯ ಬೇರೆಯಾದರೂ ಆ ತುಂಬುನಾದಕ್ಕೆ ಪಳಗಿದ ಕಿವಿಗೆ ನಿಕೆಲ್‌ಹಾರ್ಪ ಪರಕೀಯವೆನಿಸದು.

ಗಮಕ ಮಾತ್ರ ಹುಡುಕಬೇಡಿ. ಕೀ ಒತ್ತಿದಾಗ ಬರುವುದು ನಿಂತ ಸ್ವರ. ಸೊಗಸೆಲ್ಲ ಲಯದಲ್ಲಿದೆ. ಅಲ್ಲಿನ ಮುಖ್ಯ ಕುಣಿತ ಪೋಲ್ಸ್ಕಾಕ್ಕೆ ಮೂರು ಎಣಿಕೆ. ನುಡಿಸುವವರು ಒಂದಕ್ಕೆ ಮತ್ತು ಮೂರಕ್ಕೆ ಕಾಲು ತಟ್ಟುತ್ತಾರೆ. ಎರಡು ನೆಲ ಮುಟ್ಟದೆ ಹೋಗುತ್ತದೆ. ಎರಡು ಪೆಟ್ಟು, ಒಂದು ಬೀಸು ಎಂದು ರೂಪಕಕ್ಕೆ ಕೈ ಹಾಕಿ ಬೆಳೆದವರು ಇಲ್ಲಿ ಮುಗ್ಗರಿಸುವುದು ಸಹಜ. ಕೆಲವು ಪ್ರಾಂತ್ಯಗಳಲ್ಲಂತೂ ಮೂರು ಎಣಿಕೆಗಳ ಅಳತೆಯೂ ಒಂದೇ ಅಲ್ಲ. ಒಂದು ಕುಗ್ಗಿದರೆ ಇನ್ನೊಂದು ಹಿಗ್ಗುತ್ತದೆ. ಪುಸ್ತಕ ಓದಿ ಇದನ್ನು ಹಿಡಿಯಲಾಗದು. ಕುಣಿಯುವವರ ಪಾದ ನೋಡುತ್ತಾ ಕೇಳಬೇಕು.

ಅಲ್ಲಿನ ಹಳ್ಳಿಯ ವಾದಕರಿಂದ ಬರೆದುಕೊಂಡ ಧಾಟಿಗಳನ್ನು ‘ಸ್ವೆನ್ಸ್ಕಾ ಲೋತರ್’ ಎಂಬ 24 ಸಂಪುಟಗಳಲ್ಲಿ ಅಚ್ಚು ಹಾಕಿದ್ದಾರೆ. ಅವುಗಳಿಂದ ಕೆಲವನ್ನು ಆರಿಸಿಕೊಂಡು ಯಾನ್ ಯೋಹಾನ್ಸನ್ ಪಿಯಾನೊ ನುಡಿಸಿದರು, ಜೊತೆಗೆ ಗೆಯೋರ್ಗ್ ರೀಡೆಲ್ ಅವರ ಬಾಸ್. 1964ರ ‘ಜಾಝ್ ಪೋ ಸ್ವೆನ್ಸ್ಕಾ’ ಅದೇ. ಎಷ್ಟು ಕಡಿಮೆ ಸ್ವರ, ಎಷ್ಟು ಅವಕಾಶ! ವಿಳಂಬ ಕಾಲದ ಆಲಾಪನೆಯನ್ನು ಆಸೆಪಟ್ಟು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಪರನಾಡಿನ ಸಂಗೀತಕ್ಕೆ ಮನಸ್ಸು ಕೊಡುವುದು ಮೈಸೂರಿಗೆ ಹೊಸತೇನೂ ಅಲ್ಲ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಆಳಕ್ಕೆ ಇಳಿದವರು. ಎಲ್ಲರೂ ಹೊಗಳುವ ಬೀಥೋವನ್‌ನಲ್ಲಿ ನಿಲ್ಲದೆ, ರಷ್ಯಾ ಬಿಟ್ಟು ಲಂಡನ್ ಸೇರಿ ಎಲೆಮರೆಯಲ್ಲಿದ್ದ ನಿಕೊಲಾಯ್ ಮೆಡ್ನರ್ ಅವರನ್ನು ಹುಡುಕಿ ಮೆಚ್ಚಿದರು. 1940ರ ದಶಕದ ಕೊನೆಯಲ್ಲಿ ಒಡೆಯರ ಹಣದಿಂದಲೇ ಮುಪ್ಪಿನ ಮೆಡ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಿದರು. ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಹೊರಗಿನ ಸಂಗೀತಕ್ಕೆ ಕಿವಿಗೊಟ್ಟರೆ ನಮ್ಮದು ಸೊರಗುತ್ತದೆ ಎನ್ನುವವರಿಗೆ ಇನ್ನೊಂದು ಮಾತು: ಕರ್ನಾಟಕ ಸಂಗೀತಕ್ಕೆ 94 ಕೃತಿ ಕೊಟ್ಟವರೂ ಇದೇ ಒಡೆಯರು.

ಆದ್ದರಿಂದ ಅಲ್ಲಿರುವ ನಮ್ಮ ಮಕ್ಕಳೇ, ಬೇಸಿಗೆ ಬಂದಾಗ ಊರೂರಿನ ‘ಸ್ಪೆಲ್ಮನ್ಸ್‌ಸ್ಟೆಮ್ಮ’ಗಳಿಗೆ ಹೋಗಿ. ವಾದಕರು ವೇದಿಕೆಯ ಹಂಗಿಲ್ಲದೆ ಹುಲ್ಲಿನ ಮೇಲೆ, ಮರದಡಿ ಸೇರಿ ನುಡಿಸುವ ಜಾತ್ರೆ ಅದು. ಹತ್ತಿರ ನಿಂತು ಕೇಳಿ, ಕಾಲು ತಟ್ಟಿ. ಇಲ್ಲೇ ಇರುವವರು ಈ ಭಾನುವಾರ ಯೋಹಾನ್ಸನ್ ಅವರಿಂದ ಶುರು ಮಾಡಿ.