ಹೊಳೆಯದಿದ್ದರೆ ಅಸಲಿಯಾ?

ಎರಡನೇ ಮಹಾಯುದ್ಧದ ಬ್ಯಾಡ್ಜ್ ಸಂಗ್ರಹಿಸುವವರಿಗೆ ಅಲ್ಟ್ರಾವಯಲೆಟ್ ಟಾರ್ಚ್ ಮೇಲೆ ವಿಪರೀತ ಭಕ್ತಿ. ದಾರ ನೀಲಿಬಿಳಿಯಾಗಿ ಹೊಳೆದರೆ ನಕಲಿ, ಇಲ್ಲದಿದ್ದರೆ ಅಸಲಿ ಅಂತಾರೆ. ಪೂರ್ತಿ ಸುಳ್ಳಲ್ಲ. ಬಟ್ಟೆಯನ್ನು ಬೆಳ್ಳಗೆ ತೋರಿಸುವ ಬ್ರೈಟ್ನರ್‌ಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಆದರೆ ಅವು ಇವತ್ತಿನ ಸೋಪಿನ ಪುಡಿಯಲ್ಲೂ ಇವೆ. ಮೊಮ್ಮಗಳು ಅಜ್ಜನ ಅಂಗಿಯನ್ನು ಒಂದ್ಸಲ ಒಗೆದಿದ್ದರೂ ಅಸಲಿ ಬ್ಯಾಡ್ಜ್ ಮಿನುಗಬಹುದು! ಹೊಳೆಯದ ಹತ್ತಿ ದಾರ ಈಗಲೂ ಸಿಗುತ್ತೆ. ಟೆಸ್ಟ್ ಪಾಸಾದ ಮಾತ್ರಕ್ಕೆ ಬಗ್ ಇಲ್ಲ ಅಂತೇನಲ್ಲವಲ್ಲ.

ಚೀನಾ-ಬರ್ಮಾ-ಇಂಡಿಯಾ ರಣರಂಗದ ಅಮೆರಿಕನ್ ತೋಳಿನ ಬ್ಯಾಡ್ಜನ್ನೇ ನೋಡಿ. ಗುರಾಣಿಯ ಆಕಾರ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ, ಭಾರತದ ನಕ್ಷತ್ರ, ಕೆಳಗೆ ಕೆಂಪು-ಬಿಳಿ ಪಟ್ಟೆ. ಎಷ್ಟೋ ಸೈನಿಕರು ಇದನ್ನು ಸ್ವಂತ ದುಡ್ಡಲ್ಲಿ ನಮ್ಮ ಕಸೂತಿಯವರ ಹತ್ತಿರ ಮಾಡಿಸಿಕೊಂಡರು, ಕೆಲವರು ಜರಿಯಲ್ಲೂ. ಕೈಕೆಲಸವಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಮಾರುವವರಿಗೆ ಇದೇ ವರ. 'ನಕ್ಷತ್ರ ಸೊಟ್ಟಗಿದೆಯಲ್ಲ?' ಅಂದ್ರೆ, 'ಅದೇ ಸಾರ್, ಲೋಕಲ್ ಕೆಲಸ!' ದೋಷವೇ ದಾಖಲೆ ಆಗಿಬಿಡುತ್ತೆ. ಜರಿ ಕಸೂತಿಯೇನು ನಿಂತುಹೋದ ವಿದ್ಯೆಯಲ್ಲ. ಅದೇ ಸೂಜಿ, ಅದೇ ಹೊಲಿಗೆ ಇವತ್ತೂ ನಡೀತಿದೆ. ಹೊಲಿಗೆ ನೋಡಿ ಇಸವಿ ಹೇಳುವವರನ್ನು ನಾನಂತೂ ನಂಬಲ್ಲ.

ನಾನು ಮೊದಲು ಬೆನ್ನು ನೋಡ್ತೀನಿ. ಮುಂದೆ ಮಾತ್ರ ಬಣ್ಣ ಮಾಸಿ ಹಿಂದೆ ಉಳಿದಿದ್ದರೆ ಬಿಸಿಲು ಕಂಡಿರಬಹುದು. ಎರಡೂ ಕಡೆ ಒಂದೇ ಸಮ ಕಂದಾಗಿದ್ದರೆ ಟೀ ನೀರಲ್ಲಿ ಅದ್ದಿದ ಅನುಮಾನ. ಅಂಚಿನ ಸುತ್ತ ಅಂಗಿಗೆ ಹೊಲಿದ ಹಳೇ ತೂತುಗಳಿದ್ದರೆ ಮಾತು ಮುಂದುವರಿಸ್ತೀನಿ. ಅದೇ ಬ್ಯಾಡ್ಜ್ ತೊಟ್ಟ ಸೈನಿಕನ ಫೋಟೊ ಜೊತೆಗೆ ಬಂದರೆ ಮಾತ್ರ ಪರ್ಸಿಗೆ ಕೈ.